ಬೆವರಿಗೆ ಉಪ್ಪಿನ ಲೆಕ್ಕ: ಎಳನೀರು, ಪಾನಕ, ಅಂಬಲಿ, ಉಪ್ಪೆಸರು

2025ರ ಅಕ್ಟೋಬರ್ 14ರಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಆದೇಶ ಹೊರಡಿಸಿತು. ಭೇದಿಯಾದವರಿಗೆ ಕುಡಿಸುವ ಉಪ್ಪು–ಸಕ್ಕರೆ ನೀರಾದ ಓಆರ್‌ಎಸ್‌ಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟಿರುವ ಸೂತ್ರಕ್ಕೆ ಹೊಂದದ ಯಾವ ಪಾನೀಯವೂ ತನ್ನ ಹೆಸರಿನಲ್ಲಿ ‘ಓಆರ್‌ಎಸ್’ ಎಂದು ಹಾಕಿಕೊಳ್ಳುವಂತಿಲ್ಲ ಎಂಬುದು ಅದರ ಸಾರ. ಅಲ್ಲಿಯವರೆಗೆ ಮೆಡಿಕಲ್ ಸ್ಟೋರ್‌ಗಳಲ್ಲಿ ಹಣ್ಣಿನ ರುಚಿಯ ಸಿಹಿ ಪಾನೀಯಗಳು ಅದೇ ಹೆಸರಿನ ನೆರಳಲ್ಲಿ ಮಾರಾಟವಾಗುತ್ತಿದ್ದವು. ಭೇದಿಯಾದ ಮಕ್ಕಳಿಗೆ ಅವನ್ನು ಕುಡಿಸುವುದು ಅಪಾಯ ಎಂಬ ಕಾರಣಕ್ಕೆ ಆ ಆದೇಶ ಬಂತು. ಆದರೆ ಅದೇ ಡಬ್ಬಿಗಳನ್ನು ಬೇಸಿಗೆಯಲ್ಲಿ ಬೆವರು ಸುರಿಸುವವರೂ ಕೊಳ್ಳುತ್ತಿದ್ದರು. ಚಾಮುಂಡಿ ಬೆಟ್ಟಕ್ಕೆ ಸೈಕಲ್ ತುಳಿಯುವವರು, ಕುಂತಿ ಬೆಟ್ಟ, ಕರಿಘಟ್ಟ ಹತ್ತುವವರು, ಶಿವರಾತ್ರಿಗೆ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಡುವವರು, ಕಬ್ಬು ಕಡಿಯುವ ತಂಡದವರು ಈಗ ಏನು ಕುಡಿಯಬೇಕು ಎಂದು ಕೇಳುತ್ತಿದ್ದಾರೆ. ‘ನಮ್ಮ ಎಳನೀರೇ ಸಾಕು, ಪ್ರಕೃತಿಯೇ ಕೊಟ್ಟ ಓಆರ್‌ಎಸ್’ ಎಂಬ ಉತ್ತರ ಎಲ್ಲ ಕಡೆ ಸಿಗುತ್ತದೆ. ಈ ಉತ್ತರ ಅರ್ಧ ಮಾತ್ರ ಸರಿ, ತಪ್ಪಿರುವುದು ಉಪ್ಪಿನ ಲೆಕ್ಕದಲ್ಲಿ.

ಬೆವರಿನಲ್ಲಿ ನೀರಿನ ಜೊತೆ ಹೊರಹೋಗುವುದು ಮುಖ್ಯವಾಗಿ ಸೋಡಿಯಂ ಮತ್ತು ಕ್ಲೋರೈಡ್, ಅಂದರೆ ಅಡುಗೆ ಉಪ್ಪು. ಒಂದು ಲೀಟರ್ ಬೆವರಿನಲ್ಲಿ ಸರಾಸರಿ 900–1,000 ಮಿ.ಗ್ರಾಂ ಸೋಡಿಯಂ ಇರುತ್ತದೆ. ಕೆಲವರಲ್ಲಿ ಅದು 450ಕ್ಕೆ ಇಳಿದರೆ, ಕೆಲವರಲ್ಲಿ 1,800ರವರೆಗೂ ಏರುತ್ತದೆ. ಪೊಟ್ಯಾಷಿಯಂ ಹೋಗುವುದು ಲೀಟರಿಗೆ 150–300 ಮಿ.ಗ್ರಾಂ ಅಷ್ಟೇ. ಮೆಗ್ನೀಷಿಯಂ, ಕ್ಯಾಲ್ಸಿಯಂ ನಷ್ಟ ಇನ್ನೂ ಕಡಿಮೆ, ಒಂದು ಹೊತ್ತಿನ ಊಟದಲ್ಲಿ ತುಂಬಿಕೊಳ್ಳುತ್ತದೆ. ಹಣ್ಣು, ಎಳನೀರು, ಕಬ್ಬಿನ ಹಾಲು, ಬೆಲ್ಲಗಳ ಸ್ವಭಾವ ಇದಕ್ಕೆ ಪೂರಾ ಉಲ್ಟಾ: ಅವುಗಳಲ್ಲಿ ಪೊಟ್ಯಾಷಿಯಂ ಹೇರಳ, ಸೋಡಿಯಂ ಅತ್ಯಲ್ಪ. ಸಸ್ಯಗಳಿಗೆ ಬೇಕಾದ್ದು ಪೊಟ್ಯಾಷಿಯಂ, ನಮ್ಮ ಬೆವರು ಕೇಳುವುದು ಸೋಡಿಯಂ. ಹಾಗಾಗಿ ನಮ್ಮ ಮೈಸೂರು–ಮಂಡ್ಯ ಸೀಮೆಯ ಯಾವ ಪಾನೀಯವನ್ನೇ ತೆಗೆದುಕೊಂಡರೂ ಅದಕ್ಕೆ ಅಳೆದು ಉಪ್ಪು ಹಾಕದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಹಾಗಂತ ಎಲ್ಲರಿಗೂ ಉಪ್ಪು ಬೇಕೆಂದಲ್ಲ. ಕುಕ್ಕರಹಳ್ಳಿ ಕೆರೆ ಸುತ್ತ ಮುಕ್ಕಾಲು ಗಂಟೆ ನಡೆದು ಮನೆಗೆ ಹೋಗಿ ಇಡ್ಲಿ ಸಾಂಬಾರ್ ತಿನ್ನುವವರಿಗೆ ಮಡಕೆ ನೀರು ಧಾರಾಳವಾಗಿ ಸಾಕು. ಒಂದು ಗಂಟೆಗಿಂತ ಹೆಚ್ಚು ಹೊತ್ತು ಬಿಸಿಲಲ್ಲಿ ಶ್ರಮ ಪಡುವಾಗ, ಅಂಗಿ ಒದ್ದೆಯಾಗುವಷ್ಟು ಬೆವರುವಾಗ, ನಡುವೆ ಊಟ ಸಿಗದಿದ್ದಾಗ ಮಾತ್ರ ಈ ಲೆಕ್ಕ ಶುರುವಾಗುತ್ತದೆ.

ಕರುಳು ನೀರನ್ನು ಹೇಗೆ ಎಳೆದುಕೊಳ್ಳುತ್ತದೆ

ಸಣ್ಣ ಕರುಳಿನ ಗೋಡೆಯಲ್ಲಿ ಎಸ್‌ಜಿಎಲ್‌ಟಿ-1 ಎಂಬ ಸಾಗಣೆ ಪ್ರೋಟೀನ್ ಇದೆ. ಅದು ಎರಡು ಸೋಡಿಯಂ ಅಯಾನುಗಳನ್ನೂ ಒಂದು ಗ್ಲೂಕೋಸ್ ಅಣುವನ್ನೂ ಜೊತೆಯಾಗಿಯೇ ಒಳಗೆ ಬಿಡುತ್ತದೆ, ಎರಡು ಕೀಲಿ ಒಟ್ಟಿಗೆ ತಿರುಗಿಸಿದರೆ ಮಾತ್ರ ತೆಗೆಯುವ ಬ್ಯಾಂಕ್ ಲಾಕರಿನಂತೆ. ಅವು ಒಳಗೆ ಹೋದಾಗ ಹಿಂದೆಯೇ ನೀರೂ ಹೋಗುತ್ತದೆ. ಈ ಜೋಡಿ ಸಾಗಣೆಯ ಕಲ್ಪನೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮಂಡಿಸಿದರು. 1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ಸಲೈನ್ ಮುಗಿದುಹೋದಾಗ ಡಾ. ದಿಲೀಪ್ ಮಹಲನಾಬಿಸ್ ಅವರು ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಕರಗಿಸಿದ ನೀರನ್ನು ಡ್ರಮ್ಮುಗಳಲ್ಲಿಟ್ಟು ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಇಂದಿನ ಓಆರ್‌ಎಸ್ ಸೂತ್ರ 2002ರದ್ದು. ಒಂದು ಲೀಟರ್ ನೀರಿಗೆ ಉಪ್ಪು 2.6 ಗ್ರಾಂ, ಪೊಟ್ಯಾಷಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಸೋಡಿಯಂ ಲೆಕ್ಕದಲ್ಲಿ ಲೀಟರಿಗೆ ಸುಮಾರು 1,725 ಮಿ.ಗ್ರಾಂ.

ಇದು ಭೇದಿಗೆ ಮಾಡಿದ ಸೂತ್ರ. ಬೆವರಿನ ಸರಾಸರಿ ಸೋಡಿಯಂ ಇದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಶ್ರಮ ಪಡುವವರಿಗೆ ಶಕ್ತಿಗಾಗಿ ಸಕ್ಕರೆಯೂ ತುಸು ಬೇಕಾಗುತ್ತದೆ. ಹಾಗಾಗಿ ನಾವು ಗುರಿಯಿಡಬೇಕಾದ್ದು ಲೀಟರಿಗೆ 2–3 ಗ್ರಾಂ ಉಪ್ಪು, 30–60 ಗ್ರಾಂ ಸಕ್ಕರೆ ಅಥವಾ ಬೆಲ್ಲ. ಸಕ್ಕರೆ ಲೀಟರಿಗೆ 80 ಗ್ರಾಂ ದಾಟಿದರೆ ಹೊಟ್ಟೆಯಿಂದ ಕರುಳಿಗೆ ನೀರು ಇಳಿಯುವುದೇ ನಿಧಾನವಾಗುತ್ತದೆ. ಹೊಟ್ಟೆ ಉಬ್ಬರಿಸಿ ಕುಲುಕುತ್ತದೆ, ವಾಕರಿಕೆ ಬರುತ್ತದೆ. ಅತಿ ಸಿಹಿಯಾದರೆ ದೇಹವೇ ಕರುಳಿನೊಳಕ್ಕೆ ನೀರು ಸುರಿದು ಅದನ್ನು ತೆಳು ಮಾಡಿಕೊಳ್ಳಬೇಕಾಗುತ್ತದೆ. ಕುಡಿದೂ ಬಾಯಾರಿಕೆ ತೀರಲಿಲ್ಲ ಅನ್ನುವುದು ಇದೇ.

ಎಷ್ಟು ಬೆವರುತ್ತೀರಿ, ಅಳೆದುಕೊಳ್ಳಿ

ಉಪ್ಪಿಗಿಂತ ಮೊದಲು ನೀರಿನ ಪ್ರಮಾಣ ಗೊತ್ತಿರಬೇಕು. ವಿಧಾನ ಸುಲಭ. ಮೂತ್ರ ಮಾಡಿ ಬಂದು, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಗಂಟೆ ನಿಮ್ಮ ಮಾಮೂಲಿ ವೇಗದಲ್ಲಿ ಓಡಿ ಅಥವಾ ಸೈಕಲ್ ತುಳಿಯಿರಿ, ನಡುವೆ ಎಷ್ಟು ಕುಡಿದಿರಿ ಎಂದು ಗುರುತಿಟ್ಟುಕೊಳ್ಳಿ. ಮೈ ಒರೆಸಿಕೊಂಡು, ಒದ್ದೆ ಬಟ್ಟೆ ತೆಗೆದು ಮತ್ತೆ ತೂಕ ನೋಡಿ. ಒಂದು ಕೆ.ಜಿ ಇಳಿದರೆ ಒಂದು ಲೀಟರ್ ಹೋಯಿತೆಂದು ಲೆಕ್ಕ. 64 ಕೆ.ಜಿ ಇದ್ದವರು 63.1ಕ್ಕೆ ಇಳಿದು, ನಡುವೆ 400 ಮಿ.ಲೀ ಕುಡಿದಿದ್ದರೆ ಅವರ ಬೆವರು ಗಂಟೆಗೆ 1.3 ಲೀಟರ್. ಜನವರಿಯ ಚಳಿಯಲ್ಲಿ ಅಳೆದ ಲೆಕ್ಕ ಏಪ್ರಿಲ್‌ಗೆ ಬಾರದು. ಎರಡೂ ಕಾಲದಲ್ಲಿ ಅಳೆಯಿರಿ.

ಹೋದದ್ದನ್ನೆಲ್ಲ ದಾರಿಯಲ್ಲೇ ತುಂಬಿಕೊಳ್ಳಬೇಕಿಲ್ಲ. ಮುಕ್ಕಾಲು ಪಾಲು ತುಂಬಿಕೊಂಡು, ಉಳಿದದ್ದನ್ನು ಮನೆಗೆ ಬಂದ ಮೇಲೆ ಎರಡು ಮೂರು ಗಂಟೆಯಲ್ಲಿ ತೀರಿಸಬಹುದು. ಒಂದು ಕೆ.ಜಿ ಕಡಿಮೆಯಾಗಿದ್ದರೆ ಸುಮಾರು 1.25ರಿಂದ 1.5 ಲೀಟರ್ ಬೇಕಾಗುತ್ತದೆ, ಏಕೆಂದರೆ ಕುಡಿದದ್ದರಲ್ಲಿ ಒಂದು ಭಾಗ ಮೂತ್ರವಾಗಿ ಹೋಗುತ್ತದೆ. ಬಿಸಿಲಲ್ಲಿ ದುಡಿಯುವವರಿಗೆ 15–20 ನಿಮಿಷಕ್ಕೊಮ್ಮೆ ಒಂದು ಲೋಟ ಎಂಬುದು ಒಳ್ಳೆಯ ರೂಢಿ. ಗಂಟೆಗೆ ಒಂದೂವರೆ ಲೀಟರ್ ಮೀರಬಾರದು.

ಈ ಮೇಲ್ಮಿತಿಯನ್ನು ಒತ್ತಿ ಹೇಳಲೇಬೇಕು. ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ತೆಳುವಾಗಿ, ಮಿದುಳಿನ ಜೀವಕೋಶಗಳು ನೀರು ಹೀರಿ ಊದಿಕೊಳ್ಳುತ್ತವೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಪರೀಕ್ಷಿಸಿದ 488 ಓಟಗಾರರಲ್ಲಿ ಶೇ. 13ರಷ್ಟು ಜನರ ರಕ್ತದಲ್ಲಿ ಸೋಡಿಯಂ ಹೀಗೆ ಇಳಿದಿತ್ತು. ನಿಧಾನವಾಗಿ, ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಓಡಿದವರಲ್ಲಿ, ಓಟ ಮುಗಿದಾಗ ತೂಕ ಏರಿದ್ದವರಲ್ಲಿ ಇದು ಹೆಚ್ಚಾಗಿತ್ತು. ತಲೆನೋವು, ವಾಂತಿ, ಬೆರಳು ಊದುವುದು, ಮಾತು ತಡವರಿಸುವುದು ಇದರ ಲಕ್ಷಣ. ನೋಡುವವರು ಇದನ್ನು ನಿರ್ಜಲೀಕರಣ ಎಂದುಕೊಂಡು ಇನ್ನಷ್ಟು ನೀರು ಕುಡಿಸುತ್ತಾರೆ, ಅಲ್ಲೇ ಪ್ರಾಣಕ್ಕೆ ಕುತ್ತು. ಉಪ್ಪು ಹಾಕಿದ ಪಾನೀಯವೂ ಇದಕ್ಕೆ ಪೂರ್ತಿ ರಕ್ಷಣೆಯಲ್ಲ, ಅತಿಯಾಗಿ ಕುಡಿದರೆ ಅದೂ ತೆಳು ಮಾಡುತ್ತದೆ. ಓಡಿ ಬಂದಾಗ ತೂಕ ಹೊರಟಾಗಿನದಕ್ಕಿಂತ ಹೆಚ್ಚಿದ್ದರೆ ಕುಡಿದದ್ದು ಜಾಸ್ತಿಯಾಗಿದೆ ಎಂದೇ ಅರ್ಥ.

ಇನ್ನೊಂದು ಗುರುತು ಅಂಗಿಯ ಮೇಲೆ ಇರುತ್ತದೆ. ಕಪ್ಪು ಟೀ ಶರ್ಟಿನ ಬೆನ್ನಲ್ಲಿ, ಟೋಪಿಯ ಅಂಚಲ್ಲಿ ಒಣಗಿದ ಮೇಲೆ ಬಿಳಿ ಪಟ್ಟೆ ಎದ್ದರೆ, ಬೆವರು ಕಣ್ಣಿಗಿಳಿದು ಉರಿದರೆ, ನಿಮ್ಮದು ಉಪ್ಪು ಹೆಚ್ಚಿರುವ ಬೆವರು. ಬಿಸಿಲಿಗೆ ಒಗ್ಗಿದವರ ಬೆವರಿನಲ್ಲಿ ಉಪ್ಪು ಕಡಿಮೆ. ಒಂದೆರಡು ವಾರ ದಿನವೂ ಬಿಸಿಲಲ್ಲಿ ದುಡಿದರೆ ಬೆವರು ಗ್ರಂಥಿಗಳು ಸೋಡಿಯಂ ಅನ್ನು ಹಿಂದಕ್ಕೆಳೆದುಕೊಳ್ಳುವುದನ್ನು ಕಲಿಯುತ್ತವೆ. ವರ್ಷವಿಡೀ ಗದ್ದೆಯಲ್ಲಿರುವ ರೈತನಿಗಿಂತ ವಾರಕ್ಕೊಮ್ಮೆ ಬೆಟ್ಟ ಹತ್ತುವ ಕಚೇರಿ ನೌಕರನ ಲೀಟರ್ ಬೆವರಿನಲ್ಲಿ ಉಪ್ಪು ಜಾಸ್ತಿ ಇರುವುದು ಇದಕ್ಕೇ. ರೈತನ ಬೆವರಿನ ಒಟ್ಟು ಪ್ರಮಾಣ ಮಾತ್ರ ಹೆಚ್ಚು.

ಚಿಟಿಕೆ ಬೇಡ, ಮುಚ್ಚಳ ಇರಲಿ

‘ಒಂದು ಚಿಟಿಕೆ’ ಎಂಬುದು ಕೈಯಿಂದ ಕೈಗೆ ಬದಲಾಗುತ್ತದೆ. ಟೀ ಚಮಚದಲ್ಲಿ ಸಮತಟ್ಟಾಗಿ ತುಂಬಿದ ಪುಡಿ ಉಪ್ಪು ಸುಮಾರು 6 ಗ್ರಾಂ, ಗೋಪುರ ಮಾಡಿ ತುಂಬಿದರೆ 9 ದಾಟಬಹುದು. ಕಲ್ಲುಪ್ಪಿನ ಹರಳುಗಳ ನಡುವೆ ಗಾಳಿ ಇರುವುದರಿಂದ ಅದೇ ಚಮಚದಲ್ಲಿ ತೂಕ ಕಡಿಮೆ ಬರುತ್ತದೆ. ಇದನ್ನು ತಪ್ಪಿಸಲು ಉಪ್ಪುನೀರನ್ನು ಮಾಡಿಟ್ಟುಕೊಳ್ಳಿ. ಅಡುಗೆ ಮನೆಯ ತಕ್ಕಡಿಯಲ್ಲಿ 25 ಗ್ರಾಂ ಉಪ್ಪು ತೂಗಿ, ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಒಟ್ಟು 250 ಮಿ.ಲೀ ಆಗುವಷ್ಟು ನೀರು ಸೇರಿಸಿ ಗಾಜಿನ ಶೀಷೆಯಲ್ಲಿಡಿ. ಕೆಮ್ಮಿನ ಸಿರಪ್ಪಿನ ಜೊತೆ ಬರುವ ಗೆರೆಯಿರುವ ಮುಚ್ಚಳದಲ್ಲಿ 10 ಮಿ.ಲೀ ಅಳೆದರೆ ಸರಿಯಾಗಿ 1 ಗ್ರಾಂ ಉಪ್ಪು, ಅಂದರೆ ಸುಮಾರು 390 ಮಿ.ಗ್ರಾಂ ಸೋಡಿಯಂ ಸಿಗುತ್ತದೆ. ಮುಂದೆ ಬರುವ ಎಲ್ಲ ಅಳತೆಗೂ ಇದೇ ಮುಚ್ಚಳ ಸಾಕು. ಶೀಷೆಯ ಮೇಲೆ ‘ಉಪ್ಪುನೀರು’ ಎಂದು ಬರೆದು ಮಕ್ಕಳ ಕೈಗೆ ಸಿಗದಂತೆ ಇಡಬೇಕು.

ಸೈಂಧವ ಲವಣಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯವಿಲ್ಲ. ಅದರಲ್ಲೂ ಬಹುಪಾಲು ಸೋಡಿಯಂ ಕ್ಲೋರೈಡೇ, ಉಳಿದ ಖನಿಜಗಳು ಎರಡು ಮೂರು ಗ್ರಾಂ ಉಪ್ಪಿನಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ‘ಕಡಿಮೆ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಷಿಯಂ ಕ್ಲೋರೈಡ್ ಬೆರೆಸಿರುತ್ತಾರೆ, ಈ ಕೆಲಸಕ್ಕೆ ಅದು ಬೇಡ.

ಎಳನೀರು ಮತ್ತು ಕಬ್ಬಿನ ಹಾಲು

ಮದ್ದೂರು ಎಪಿಎಂಸಿಯ ಎಳನೀರು ಮಾರುಕಟ್ಟೆಯಿಂದ ಲಾರಿಗಟ್ಟಲೆ ಕಾಯಿ ಹೊರರಾಜ್ಯಗಳಿಗೆ ಹೋಗುತ್ತದೆ. ಎಳನೀರು ಕೆಡದಂತೆ ಪ್ಯಾಕ್ ಮಾಡುವ ತಂತ್ರವನ್ನು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯವೇ ಅಭಿವೃದ್ಧಿ ಮಾಡಿದೆ. ಆದ್ದರಿಂದ ಇದರ ಗುಣ ಹೊಗಳುವವರಿಗೆ ಇಲ್ಲಿ ಬರವಿಲ್ಲ. 300 ಮಿ.ಲೀ ನೀರಿರುವ ಒಂದು ಕಾಯಿಯಲ್ಲಿ ಪೊಟ್ಯಾಷಿಯಂ 600–750 ಮಿ.ಗ್ರಾಂ ಇರುತ್ತದೆ. ಎರಡು ಲೀಟರ್ ಬೆವರಿನ ಪೊಟ್ಯಾಷಿಯಂ ಒಂದೇ ಕಾಯಿಯಲ್ಲಿ ಬಂದುಬಿಡುತ್ತದೆ. ಸೋಡಿಯಂ ಮಾತ್ರ ತಳಿ, ಮಣ್ಣು, ಕಾಯಿ ಬಲಿತ ಮಟ್ಟದ ಮೇಲೆ 100 ಮಿ.ಲೀಗೆ 20ರಿಂದ 100 ಮಿ.ಗ್ರಾಂವರೆಗೆ ಏರಿಳಿಯುತ್ತದೆ. ಒಂದು ಲೀಟರ್ ಬೆವರಿನ ಸೋಡಿಯಂ ಅನ್ನು ಬರೀ ಎಳನೀರಿನಿಂದ ತುಂಬಲು ಹೊರಟರೆ, ಒಳ್ಳೆಯ ಕಾಯಿ ಸಿಕ್ಕರೆ ಮೂರು, ಇಲ್ಲವಾದರೆ ಹತ್ತಕ್ಕಿಂತ ಹೆಚ್ಚು ಬೇಕು. ಈಗಿನ ಬೆಲೆಯಲ್ಲಿ ಅದು ಯಾರ ಜೇಬಿಗೂ ಹೊಂದುವ ಮಾತಲ್ಲ, ಪೊಟ್ಯಾಷಿಯಂ ಲೆಕ್ಕದಲ್ಲಿ ಒಳ್ಳೆಯದೂ ಅಲ್ಲ.

ಸರಿ ಮಾಡುವುದು ಹೀಗೆ: ಒಂದು ಕಾಯಿಯ ನೀರನ್ನು ಬಾಟಲಿಗೆ ಹಾಕಿ, ಅಷ್ಟೇ ಕುಡಿಯುವ ನೀರು ಬೆರೆಸಿ, ಉಪ್ಪುನೀರು ಒಂದೂವರೆ ಮುಚ್ಚಳ ಸೇರಿಸಿ. 600 ಮಿ.ಲೀ ಪಾನೀಯಕ್ಕೆ 1.5 ಗ್ರಾಂ ಉಪ್ಪಾಯಿತು. ಗಂಜಿಯಿರುವ ಬಲಿತ ಕಾಯಿಯಾದರೆ ಸಿಹಿ ಚೆನ್ನಾಗಿರುತ್ತದೆ, ನೀರು ಬೆರೆಸಿದರೂ ರುಚಿ ನಿಲ್ಲುತ್ತದೆ. ಕೆತ್ತಿದ ಮೇಲೆ ಬಾಟಲಿಯಲ್ಲಿ ಮೂರು ನಾಲ್ಕು ಗಂಟೆ ಬಿಸಿಲಲ್ಲಿಟ್ಟರೆ ಹುಳಿಯುತ್ತದೆ, ಆದ್ದರಿಂದ ಮೊದಲ ಬಾಟಲಿ ಇದೇ ಆಗಿರಲಿ.

ಕಬ್ಬಿನ ಹಾಲಿನ ಸಮಸ್ಯೆ ಬೇರೆ. ಅದರಲ್ಲಿ ಸಕ್ಕರೆ ಲೀಟರಿಗೆ 130–150 ಗ್ರಾಂ ಅಥವಾ ಇನ್ನೂ ಹೆಚ್ಚು. ಮಂಡ್ಯ–ಮೈಸೂರು ರಸ್ತೆಯ ಗಾಣದ ಮುಂದೆ ಸೈಕಲ್ ನಿಲ್ಲಿಸಿ ಎರಡು ಲೋಟ ಏರಿಸಿ ಮತ್ತೆ ತುಳಿಯಲು ಹೊರಟವರಿಗೆ ಹೊಟ್ಟೆ ಭಾರವಾಗುವುದು ಇದರಿಂದಲೇ. ಒಂದು ಪಾಲು ಹಾಲಿಗೆ ಮೂರು ಪಾಲು ನೀರು ಬೆರೆಸಿದರೆ ಸಕ್ಕರೆ ಲೀಟರಿಗೆ 35 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಲೀಟರಿಗೆ ಎರಡೂವರೆ ಮುಚ್ಚಳ ಉಪ್ಪುನೀರು, ಒಂದು ನಿಂಬೆಹಣ್ಣಿನ ರಸ, ಜಜ್ಜಿದ ಶುಂಠಿ ಸೇರಿಸಿದರೆ ಅಂಗಡಿಯ ಕ್ರೀಡಾ ಪಾನೀಯಕ್ಕಿಂತ ಒಳ್ಳೆಯದಾಗುತ್ತದೆ, ಏಕೆಂದರೆ ಅವುಗಳಲ್ಲಿ ಸಾಮಾನ್ಯವಾಗಿ ಸೋಡಿಯಂ ಲೀಟರಿಗೆ 450 ಮಿ.ಗ್ರಾಂ ಸುತ್ತಮುತ್ತ, ಸಕ್ಕರೆ 60 ಗ್ರಾಂ. ಕಬ್ಬಿನ ಹಾಲು ಕಪ್ಪಾಗುವುದನ್ನೂ ನಿಂಬೆ ತಡೆಯುತ್ತದೆ. ಗಾಣದಲ್ಲಿ ಐಸ್ ಬೇಡ ಎನ್ನಿ. ಕುಡಿಯುವ ನೀರಿನಿಂದ ಮಾಡದ ಐಸ್ ಬಂದರೆ ಮರುದಿನ ನಿಜವಾದ ಓಆರ್‌ಎಸ್ ಬೇಕಾಗುತ್ತದೆ. ಹಿಂಡಿದ ಎರಡು ಗಂಟೆಯೊಳಗೆ ಕುಡಿದು ಮುಗಿಸಬೇಕು.

ಪಾನಕ, ಮಜ್ಜಿಗೆ, ಅಂಬಲಿ

ರಾಮನವಮಿಯ ಪಾನಕಕ್ಕೆ ಲೀಟರಿಗೆ ನೂರು ಗ್ರಾಂಗೂ ಹೆಚ್ಚು ಬೆಲ್ಲ ಬೀಳುತ್ತದೆ. ಅದು ಹಬ್ಬದ ರುಚಿ. ದುಡಿಮೆಯ ಪಾನಕಕ್ಕೆ 30ರಿಂದ 40 ಗ್ರಾಂ ಸಾಕು. ಮಂಡ್ಯದ ಅಚ್ಚುಬೆಲ್ಲವನ್ನು ಕುಟ್ಟಿ ತೂಗಿ, ಒಂದು ಲೋಟ ಬಿಸಿ ನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಶೋಧಿಸಿ, ಲೀಟರಿಗೆ ತುಂಬಿಸಿ, ಎರಡೂವರೆ ಮುಚ್ಚಳ ಉಪ್ಪುನೀರು, ನಿಂಬೆರಸ, ಏಲಕ್ಕಿ, ಚೂರು ಶುಂಠಿ ಹಾಕಬೇಕು. ಬೆಲ್ಲದ ಸುಕ್ರೋಸ್ ಕರುಳಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುತ್ತದೆ, ಆ ಗ್ಲೂಕೋಸ್ ಸೋಡಿಯಂ ಅನ್ನು ಜೊತೆಗೆಳೆಯುತ್ತದೆ. ಕಣ್ಣಿಗೆ ಹೊಳೆಯುವ ಹಳದಿ ಬೆಲ್ಲಕ್ಕೆ ಕೆಲವು ಆಲೆಮನೆಗಳಲ್ಲಿ ಹೈಡ್ರೋಸ್ ಎಂಬ ರಾಸಾಯನಿಕ ಹಾಕಿ ಬಣ್ಣ ತೆಗೆಯುತ್ತಾರೆ. ಕಂದು ಬಣ್ಣದ್ದೇ ಮೇಲು. ಮೂರು ನಾಲ್ಕು ಗಂಟೆ ಸೈಕಲ್ ತುಳಿಯುವವರಿಗೆ ಗಂಟೆಗೆ 30–60 ಗ್ರಾಂ ಪಿಷ್ಟ–ಸಕ್ಕರೆ ಬೇಕು. ಅದನ್ನೆಲ್ಲ ಪಾನಕಕ್ಕೇ ತುರುಕದೆ ಬಾಳೆಹಣ್ಣು, ಕಡಲೆಮಿಠಾಯಿಯಲ್ಲಿ ತಿನ್ನುವುದು ಜಾಣತನ. ನೀರು ನೀರಾಗಿ ಇಳಿಯಬೇಕು.

ನೀರು ಮಜ್ಜಿಗೆ ಇವೆಲ್ಲಕ್ಕಿಂತ ಸುಲಭ. 200 ಮಿ.ಲೀ ಮೊಸರು, 800 ಮಿ.ಲೀ ನೀರು, ಮೂರು ಮುಚ್ಚಳ ಉಪ್ಪುನೀರು. ಸೋಡಿಯಂ ಲೀಟರಿಗೆ 1,250 ಮಿ.ಗ್ರಾಂ ಮುಟ್ಟುತ್ತದೆ. ಬಿಳಿ ಪಟ್ಟೆ ಏಳುವಷ್ಟು ಉಪ್ಪು ಬೆವರುವವರಿಗೆ ಇದೇ ಸರಿ. ಸಿಹಿ ಕಡಿಮೆ ಇರುವುದರಿಂದ ಊಟದ ಜೊತೆ, ಗದ್ದೆ ಕೆಲಸಕ್ಕೆ ಚೆನ್ನ. ಓಟಕ್ಕಲ್ಲ, ಕುಲುಕಿ ಕುಲುಕಿ ಬೆಣ್ಣೆ ಕಟ್ಟಿ ಬಾಟಲಿಯ ಮೂತಿಗೆ ಮೆತ್ತುತ್ತದೆ. ಕೆನೆ ತೆಗೆದ ಮೊಸರು ಬಳಸಿ, ಕರಿಬೇವು ಕೊತ್ತಂಬರಿ ಜಜ್ಜಿ ಶೋಧಿಸಿ ತೆಗೆದುಬಿಡಿ.

ಅಂಬಲಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಅದರಲ್ಲಿ ಒಂದು ಒಳ್ಳೆಯ ಗುಟ್ಟಿದೆ. ಪಿಷ್ಟದ ಅಣು ದೊಡ್ಡದು. 30 ಗ್ರಾಂ ಸಕ್ಕರೆ ನೀರನ್ನು ಎಷ್ಟು ಗಾಢ ಮಾಡುತ್ತದೋ, 30 ಗ್ರಾಂ ಬೆಂದ ರಾಗಿ ಹಿಟ್ಟು ಅದರ ಸಣ್ಣ ಪಾಲೂ ಮಾಡುವುದಿಲ್ಲ. ಕರುಳಿನಲ್ಲಿ ಅದು ಮೆಲ್ಲಗೆ ಗ್ಲೂಕೋಸ್ ಆಗಿ ಒಡೆದಂತೆಲ್ಲ ಸೋಡಿಯಂ, ನೀರು ಒಳಹೋಗುತ್ತವೆ. ಕಾಲರಾ ರೋಗಿಗಳಿಗೆ ಗ್ಲೂಕೋಸ್ ಬದಲು ಅಕ್ಕಿ ಹಿಟ್ಟು ಬಳಸಿದ ಓಆರ್‌ಎಸ್ ಚೆನ್ನಾಗಿ ಕೆಲಸ ಮಾಡಿದ್ದೂ ಇದೇ ತತ್ತ್ವದಿಂದ. ಮಾಡುವ ಕ್ರಮ: 30 ಗ್ರಾಂ, ಅಂದರೆ ಸುಮಾರು ಮೂರು ದೊಡ್ಡ ಚಮಚ ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ 700 ಮಿ.ಲೀ ನೀರಿಗೆ ಬಿಟ್ಟು, ಕೈಯಾಡಿಸುತ್ತ ಎಂಟು ಹತ್ತು ನಿಮಿಷ ಬೇಯಿಸಿ. ಹಸಿ ಹಿಟ್ಟಿನ ವಾಸನೆ ಹೋಗಿ ಬಣ್ಣ ಗಾಢವಾಗಬೇಕು. ಬೇಯದ ಹಿಟ್ಟು ಹೊಟ್ಟೆಯಲ್ಲಿ ವಾಯು ತುಂಬುತ್ತದೆ. ಆರಿದ ಮೇಲೆ ಮಣ್ಣಿನ ಮಡಕೆಯಲ್ಲಿ ಮುಚ್ಚಿ ರಾತ್ರಿ ಹುಳಿಬರಲು ಬಿಟ್ಟು, ಬೆಳಿಗ್ಗೆ 200 ಮಿ.ಲೀ ಮಜ್ಜಿಗೆ, ಮೂರು ಮುಚ್ಚಳ ಉಪ್ಪುನೀರು ಸೇರಿಸಿ ಒಂದು ಲೀಟರ್ ಮಾಡಿಕೊಳ್ಳಿ. ತೋಟದ ಕೆಲಸ, ಪಾದಯಾತ್ರೆ, ಚಾರಣಕ್ಕೆ ಇದಕ್ಕೆ ಸಾಟಿಯಿಲ್ಲ. ವೇಗದ ಓಟಕ್ಕೆ ಬೇಡ, ನಾರು ಕರುಳನ್ನು ಎಬ್ಬಿಸುತ್ತದೆ. ಹುಳಿಬಂದ ಅಂಬಲಿಯನ್ನು ಬಿಗಿ ಮುಚ್ಚಳದ ಬಾಟಲಿಯಲ್ಲಿ ಬಿಸಿಲಿಗೆ ಇಡಬೇಡಿ, ಅನಿಲ ತುಂಬಿ ಮುಚ್ಚಳ ಸಿಡಿಯುತ್ತದೆ.

ಇವುಗಳಲ್ಲಿ ಯಾವುದನ್ನೂ ತಾಮ್ರದ ಬಾಟಲಿಯಲ್ಲಿ ತುಂಬಬಾರದು. ಮಜ್ಜಿಗೆ, ನಿಂಬೆ, ಹುಣಸೆಯ ಹುಳಿಗೆ ತಾಮ್ರ ಕರಗಿ ವಾಂತಿ ಬರಿಸುತ್ತದೆ. ಸ್ಟೀಲ್ ಆಗಬಹುದು.

ಫ್ಲಾಸ್ಕಿನಲ್ಲಿ ಉಪ್ಪೆಸರು

ದೂರ ಓಡುವವರು ಹೊರದೇಶಗಳಲ್ಲಿ ದಾರಿ ನಡುವೆ ಬಿಸಿ ಉಪ್ಪಿನ ಸೂಪು ಕುಡಿಯುತ್ತಾರೆ. ಆರೇಳು ಗಂಟೆ ಸಿಹಿ ಕುಡಿದು ಕುಡಿದು ನಾಲಿಗೆ ಜಿಡ್ಡುಗಟ್ಟಿದಾಗ ದೇಹ ಖಾರ–ಉಪ್ಪನ್ನೇ ಕೇಳುತ್ತದೆ. ಮಂಡ್ಯ, ಮೈಸೂರಿನ ಮನೆಗಳಲ್ಲಿ ಇದಕ್ಕೆ ಸಿದ್ಧ ಉತ್ತರವಿದೆ. ಉಪ್ಪೆಸರಿಗೆ ಸೊಪ್ಪು, ಕಾಳು ಬೇಯಿಸಿ ಬಸಿದ ನೀರಿನಲ್ಲಿ ಸೊಪ್ಪಿನಿಂದ ಇಳಿದ ಪೊಟ್ಯಾಷಿಯಂ ಇರುತ್ತದೆ, ಉಪ್ಪು ಹೇಗೂ ಇರುತ್ತದೆ. ಖಾರವನ್ನು ಬೇರೆ ಅರೆದು ಇಡುವ ಅಡುಗೆಯಾದ್ದರಿಂದ ಕಟ್ಟನ್ನು ಖಾರವಿಲ್ಲದೆ ಹಾಗೇ ಕುಡಿಯಬಹುದು. ಬಸ್ಸಾರಿನ ಕಟ್ಟು, ಹುರುಳಿ ಕಟ್ಟು, ತಿಳಿಸಾರು ಇವೂ ಆಗುತ್ತವೆ, ಕಾರದಪುಡಿ ಹಿತಮಿತವಾಗಿದ್ದರೆ.

ಆದರೆ ಇದು ಬಾಟಲಿಗಟ್ಟಲೆ ಕುಡಿಯುವ ಪಾನೀಯವಲ್ಲ. ನಾಲಿಗೆ ಒಪ್ಪುವ ಸಾರಿನಲ್ಲಿ ಉಪ್ಪು ಸಾಮಾನ್ಯವಾಗಿ ಲೀಟರಿಗೆ 7–10 ಗ್ರಾಂ, ಅಂದರೆ ಬೆವರಿನ ಮೂರು ನಾಲ್ಕು ಪಟ್ಟು. ಆದ್ದರಿಂದ 150 ಮಿ.ಲೀ, ಒಂದು ಸಣ್ಣ ಲೋಟ ಕಟ್ಟು ಕುಡಿದು ಅದರ ಹಿಂದೆ ಒಂದೂವರೆ–ಎರಡು ಲೋಟ ಬರೀ ನೀರು ಕುಡಿಯಬೇಕು. ಆಗ ಹೊಟ್ಟೆಯಲ್ಲಿ ಬೆರೆತು ಸರಿಯಾದ ಪ್ರಮಾಣ ಸಿಗುತ್ತದೆ, ಸೋಡಿಯಂ 400–600 ಮಿ.ಗ್ರಾಂ ಬರುತ್ತದೆ. ಎರಡು ಗಂಟೆಗೊಮ್ಮೆ ಇಷ್ಟು ಸಾಕು. ಫ್ಲಾಸ್ಕಿಗೆ ಕುದಿಯುವಾಗಲೇ ತುಂಬಬೇಕು. ಬೇಳೆ–ಕಾಳಿನ ನೀರು ಉಗುರುಬೆಚ್ಚಗೆ ನಾಲ್ಕು ಗಂಟೆ ಕುಳಿತರೆ ಹಳಸುತ್ತದೆ. ಕಾಳಿನ ಚೂರು, ಎಣ್ಣೆ ಇಲ್ಲದಂತೆ ಶೋಧಿಸಿ, ಒಗ್ಗರಣೆ ಹಾಕಬೇಡಿ. ಎಣ್ಣೆ ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತದೆ.

ಮೀನಖಂಡ ಹಿಡಿದುಕೊಂಡಾಗ ಉಪ್ಪಿನಕಾಯಿ ರಸ ನೆಕ್ಕುವುದರಲ್ಲೂ ಹುರುಳಿದೆ, ಕಾರಣ ಮಾತ್ರ ಜನ ತಿಳಿದಿರುವುದಲ್ಲ. 2010ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ವಿದ್ಯುತ್ತಿನಿಂದ ಹಿಡಿತ ಬರಿಸಿ ಸೌತೆಕಾಯಿ ಉಪ್ಪಿನಕಾಯಿಯ ವಿನೆಗರ್ ರಸ ಕುಡಿಸಿದಾಗ, ನೀರು ಕುಡಿದವರಿಗಿಂತ ಬೇಗ, ಒಂದೂವರೆ ನಿಮಿಷದೊಳಗೆ ಹಿಡಿತ ಬಿಟ್ಟಿತು. ಅಷ್ಟರಲ್ಲಿ ರಕ್ತದ ಉಪ್ಪಿನಲ್ಲಿ ಬದಲಾವಣೆಯೇ ಆಗಿರಲಿಲ್ಲ. ಬಾಯಿ ಗಂಟಲಿನ ನರಗಳಿಗೆ ತಟ್ಟಿದ ಹುಳಿ, ಸ್ನಾಯುವಿಗೆ ಹೋಗುವ ಸಂಕೇತವನ್ನು ತಡೆಯುತ್ತದೆ ಎಂಬುದು ಅದರಿಂದ ಹೊರಟ ವಿವರಣೆ. ನಮ್ಮ ಎಣ್ಣೆ ಮಾವಿನಕಾಯಿ ಇದಕ್ಕೆ ಆಗದು. ಉಪ್ಪುನೀರಿನಲ್ಲಿ ಹಾಕಿದ ನೆಲ್ಲಿಕಾಯಿ, ಮಿಡಿ, ನಿಂಬೆಯ ರಸ ಹುಳಿಯೂ ತೀಕ್ಷ್ಣವೂ ಆಗಿರುವುದರಿಂದ ಪ್ರಯತ್ನಿಸಬಹುದು. 20–30 ಮಿ.ಲೀ ಬಾಯಲ್ಲಿ ಮುಕ್ಕಳಿಸಿ ನುಂಗಿ, ಮೇಲೆ ಒಂದು ಲೋಟ ನೀರು. ಅದರಲ್ಲೇ ಎರಡು ಗ್ರಾಂವರೆಗೂ ಉಪ್ಪು ಇರಬಹುದು, ಪದೇ ಪದೇ ಬೇಡ. ಹಿಡಿತಕ್ಕೆ ಮುಖ್ಯ ಚಿಕಿತ್ಸೆ ನಿಂತು ಸ್ನಾಯುವನ್ನು ಮೆಲ್ಲಗೆ ಎಳೆಯುವುದೇ.

ಉಳಿದವನ್ನು ಬೇಗ ಹೇಳಿಬಿಡಬಹುದು. ಸೊಗದೆ ಬೇರಿನ ಶರಬತ್ತು ತಂಪು ರುಚಿಯ ಸಕ್ಕರೆ ನೀರು, ಉಪ್ಪು ಹಾಕಿದರೆ ಪಾನಕದಷ್ಟೇ ಉಪಯೋಗ. ನಿಂಬೆ ಸೋಡಾದ ಗಾಳಿ ಹೊಟ್ಟೆ ತುಂಬಿದಂತೆ ಮಾಡಿ ಬೇಕಾದಷ್ಟು ಕುಡಿಯಲು ಬಿಡುವುದಿಲ್ಲ. ಕಾಫಿ, ಟೀ ಒಂದೆರಡು ಲೋಟ ದೇಹದ ನೀರನ್ನು ಖಾಲಿ ಮಾಡುವುದಿಲ್ಲ. 13 ಪಾನೀಯಗಳನ್ನು ಹೋಲಿಸಿದ 2016ರ ಬ್ರಿಟಿಷ್ ಅಧ್ಯಯನದಲ್ಲಿ ಅವು ನೀರಿಗೆ ಸಮವಾಗಿದ್ದವು. ಅದೇ ಅಧ್ಯಯನದಲ್ಲಿ ದೇಹದಲ್ಲಿ ಹೆಚ್ಚು ಹೊತ್ತು ನಿಂತದ್ದು ಓಆರ್‌ಎಸ್ ಮತ್ತು ಹಾಲು. ಮನೆಗೆ ಬಂದ ಮೇಲೆ ಅರ್ಧ ಲೀಟರ್ ಕೆನೆ ಕಡಿಮೆಯ ಹಾಲು ಒಳ್ಳೆಯದು, ಓಡುವಾಗ ಬೇಡ.

ಎಲ್ಲಿ ಎಡವುತ್ತಾರೆ

ನಿಜವಾದ ಓಆರ್‌ಎಸ್ ಪ್ಯಾಕೆಟ್‌ನಲ್ಲೂ ತಪ್ಪಾಗುತ್ತದೆ. ಒಂದು ಲೀಟರಿಗೆಂದು ಬರುವ 20.5 ಗ್ರಾಂ ಪುಡಿಯನ್ನು ಒಂದು ಲೋಟಕ್ಕೇ ಸುರಿದು ಕುಡಿಯುವವರಿದ್ದಾರೆ. ಆಗ ಅದು ರಕ್ತದ ಮೂರು ಪಟ್ಟಿಗಿಂತ ಗಾಢವಾಗಿ, ವಾಂತಿ ಭೇದಿ ತರಿಸಿ, ಇದ್ದ ನೀರನ್ನೂ ಕಳೆಯುತ್ತದೆ. 200 ಮಿ.ಲೀಗೆ ಬರುವ ಸಣ್ಣ ಪ್ಯಾಕೆಟ್‌ಗಳೂ ಇವೆ. ಹಿಂಭಾಗದಲ್ಲಿ ಎಷ್ಟು ನೀರಿಗೆ ಎಂದು ಓದಿಯೇ ಹರಿಯಬೇಕು.

ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಉಪ್ಪಿನ ಪಾನೀಯ ಶುರು ಮಾಡಬಾರದು. ಕಿಡ್ನಿ ತೊಂದರೆ ಇರುವವರಿಗೆ, ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಬಿಪಿ–ಹೃದಯದ ಮಾತ್ರೆ ತೆಗೆದುಕೊಳ್ಳುವವರಿಗೆ ಎಳನೀರಿನ ಪೊಟ್ಯಾಷಿಯಂ ರಕ್ತದಲ್ಲಿ ಉಳಿದು ಹೃದಯದ ಬಡಿತ ಕೆಡಿಸಬಹುದು. ಸಕ್ಕರೆ ಕಾಯಿಲೆಯವರಿಗೆ ಮಜ್ಜಿಗೆಯೇ ಮೇಲು. ಪಾದಯಾತ್ರೆಯಲ್ಲಿ ಕಾಲುನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್ ನುಂಗುತ್ತ ನಡೆಯುವುದು ತೀರಾ ಕೆಟ್ಟ ಅಭ್ಯಾಸ. ಮೈಯಲ್ಲಿ ನೀರು ಕಡಿಮೆಯಿದ್ದಾಗ ಈ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಇನ್ನಷ್ಟು ತಗ್ಗಿಸುತ್ತವೆ.

ಕಬ್ಬು ಕಡಿಯುವವರ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್‌ಗಳ ಕಬ್ಬಿನ ಗದ್ದೆಗಳಲ್ಲಿ ಸಕ್ಕರೆ ಕಾಯಿಲೆ, ಬಿಪಿ ಇಲ್ಲದ ಯುವ ಕೂಲಿಗಳ ಕಿಡ್ನಿಗಳು ಸಾಲುಸಾಲಾಗಿ ಹಾಳಾಗಿವೆ. ಬಿಸಿಲಲ್ಲಿ ಬಿಡುವಿಲ್ಲದ ದುಡಿಮೆಯೇ ಮುಖ್ಯ ಶಂಕೆ. ಬಿಸಿ ವಾತಾವರಣದ ಶ್ರಮದ ನಡುವೆ ತಂಪು ಪಾನೀಯ ಕುಡಿದವರಲ್ಲಿ ನೀರು ಕುಡಿದವರಿಗಿಂತ ಕಿಡ್ನಿ ಒತ್ತಡದ ಗುರುತುಗಳು ಹೆಚ್ಚಿದ್ದವೆಂದು 2019ರ ಸಣ್ಣ ಅಧ್ಯಯನವೊಂದು ತೋರಿಸಿತು. ಆ ದೇಶಗಳ ಕೆಲವು ಕಬ್ಬಿನ ಗದ್ದೆಗಳಲ್ಲಿ ಈಗ ನೀರು, ವಿಶ್ರಾಂತಿ, ನೆರಳು ಮೂರನ್ನೂ ಒಟ್ಟಿಗೆ ಕೊಡುವ ಪದ್ಧತಿ ಬಂದಿದೆ. ನಮ್ಮಲ್ಲಿ ಕಡಿದ ಕಬ್ಬಿನ ಲೆಕ್ಕದಲ್ಲಿ ಕೂಲಿ ಕೊಡುವುದರಿಂದ ಕೆಲಸದವರು ನಿಲ್ಲುವುದೇ ಇಲ್ಲ. ಎಂಥ ಒಳ್ಳೆಯ ಪಾನಕ ಕೊಟ್ಟರೂ ನೆರಳಲ್ಲಿ ಹತ್ತು ನಿಮಿಷದ ಬಿಡುವು ಇಲ್ಲದಿದ್ದರೆ ಪ್ರಯೋಜನ ಕಡಿಮೆ. ಮಾತು ತೊದಲಿ, ಗೊಂದಲವಾಗಿ, ಮೈ ಕಾದು ಕುಸಿದವರಿಗೆ ಏನನ್ನೂ ಕುಡಿಸಬೇಡಿ. ನೆರಳಿಗೆ ಎಳೆದು, ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಬೇಕು.

ಅರವಟ್ಟಿಗೆ ಇಡುವವರಿಗೆ

ಜಾತ್ರೆ, ಪಾದಯಾತ್ರೆ, ಓಟಗಳಲ್ಲಿ ಅರವಟ್ಟಿಗೆ ಇಡುವವರು 50 ಲೀಟರಿನ ಡ್ರಮ್ಮಿಗೆ ಹೀಗೆ ಲೆಕ್ಕ ಹಾಕಬಹುದು. ಪಾನಕಕ್ಕೆ ಬೆಲ್ಲ 2 ಕೆ.ಜಿ, ಉಪ್ಪು 100 ಗ್ರಾಂ, ನಿಂಬೆಹಣ್ಣು 50, ಶುಂಠಿ ಕಾಲು ಕೆ.ಜಿ. ಮಜ್ಜಿಗೆಗೆ ಮೊಸರು 10 ಲೀಟರ್, ಉಪ್ಪು 100 ಗ್ರಾಂ. ಸಾಲಿನಲ್ಲಿ ಬಿಪಿ ಇರುವವರೂ ಬರುವುದರಿಂದ ಉಪ್ಪನ್ನು ಲೀಟರಿಗೆ 2 ಗ್ರಾಂಗೇ ನಿಲ್ಲಿಸಿದ್ದು. ಉಪ್ಪನ್ನೂ ಬೆಲ್ಲವನ್ನೂ ನೇರ ಡ್ರಮ್ಮಿಗೆ ಸುರಿದರೆ ತಳಕ್ಕಿಳಿದು, ಬೆಳಿಗ್ಗೆ ಬಂದವರಿಗೆ ಸಪ್ಪೆ, ಮಧ್ಯಾಹ್ನ ಬಂದವರಿಗೆ ಬಾಯಿಗಿಡಲಾಗದಷ್ಟು ಉಪ್ಪು. ಮೊದಲು ಐದು ಲೀಟರ್ ಕುದಿಯುವ ನೀರಿನಲ್ಲಿ ಬೆಲ್ಲ ಕರಗಿಸಿ ಶೋಧಿಸಿ, ಅದರಲ್ಲೇ ಉಪ್ಪು ಕರಗಿಸಿ, ಆಮೇಲೆ ಶುದ್ಧ ನೀರಿಗೆ ಬೆರೆಸಿ. ನಿಂಬೆ ಕೊನೆಗೆ. ಮಜ್ಜಿಗೆಯಾದರೆ ಉಪ್ಪನ್ನು ಒಂದು ಚೊಂಬು ನೀರಿನಲ್ಲಿ ಕರಗಿಸಿ, ಆ ನೀರನ್ನು ಕಡೆದ ಮೊಸರಿಗೆ ಬೆರೆಸಿ. ಡ್ರಮ್ಮಿಗೆ ನಲ್ಲಿ ಇರಲಿ, ಚೊಂಬು ಅದ್ದುವುದು ಬೇಡ. ಮುಂದೆ ಒಂದು ರಟ್ಟಿನ ಮೇಲೆ ‘ಲೀಟರಿಗೆ ಉಪ್ಪು 2 ಗ್ರಾಂ, ಬೆಲ್ಲ 40 ಗ್ರಾಂ’ ಎಂದು ದಪ್ಪಕ್ಷರದಲ್ಲಿ ಬರೆದು, ಪಕ್ಕದಲ್ಲಿ ಬರೀ ನೀರಿನ ಇನ್ನೊಂದು ಡ್ರಮ್ ಇಡಿ. ಮಾಡಿದ ಪಾನಕವನ್ನು ನಾಲ್ಕು ಗಂಟೆಯೊಳಗೆ ಖಾಲಿ ಮಾಡಿ, ಡ್ರಮ್ ತೊಳೆದು ಮತ್ತೆ ತುಂಬಬೇಕು.